ಇಂದಿನ ಧಮ್ಮ ಚಿಂತನೆ: ಹಣೆಬರಹ ಮತ್ತು ಮೆದುಳು

 

ಪಿಯುಸಿ ಫಲಿತಾಂಶ ಬಂದ ಮೇಲೆ ನಂಜನಗೂಡು, ಟಿ. ನರಸೀಪುರದ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಮುಂದೇನು? ನಮ್ಮ ಭಾನುವಾರದ ಅಧ್ಯಯನಕ್ಕೆ ಬರುವ ಹುಡುಗಿಯೊಬ್ಬಳು ಮೆದುಳಿನ ವಿಷಯ ಓದುತ್ತೇನೆ ಎಂದಳು. "ಅದೆಲ್ಲ ನಮ್ಮಂತೋರ ಹಣೇಲಿ ಬರ್ದಿಲ್ಲ ಕಣವ್ವ" ಎಂದರು ಅವಳ ಅಜ್ಜಿ. ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಆ ಮಾತನ್ನು ಅವರ ಬಾಯಿಗೆ ತುಂಬಿದವರು ಬೇರೆ. ಆದರೆ ಆ ಮಾತನ್ನು ಪರೀಕ್ಷಿಸದೆ ಬಿಡಬಾರದು.

ಹಣೆಯ ಹಿಂದೆ ಇರುವುದೇನು? ಸುಮಾರು 1,300ರಿಂದ 1,400 ಗ್ರಾಂ ತೂಗುವ ಮೆದುಳು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಹುಟ್ಟುವಾಗಲೇ ಬರೆದು ಮುಗಿಸಿದ ಲಿಪಿ ಅಲ್ಲಿಲ್ಲ. ಮತ್ತೆ ಮತ್ತೆ ಮಾಡಿದ್ದಕ್ಕೆ ತಕ್ಕಂತೆ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ, ಬಿಟ್ಟದ್ದು ಸಡಿಲವಾಗುತ್ತದೆ. ಗದ್ದೆಗೆ ನೀರು ಹಾಯಿಸುವ ನಮಗೆ ಇದು ಅರ್ಥವಾಗುತ್ತದೆ. ನೀರು ಹರಿಯುವ ಕಾಲುವೆ ಉಳಿಯುತ್ತದೆ, ಬಿಟ್ಟ ಕಾಲುವೆಯಲ್ಲಿ ಹುಲ್ಲು ಬೆಳೆಯುತ್ತದೆ.

ಇದನ್ನು ಓದಲು ಬಹುದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪಿಯುಸಿ ಮುಗಿಸಿದವರಿಗೆ ಅಲ್ಲಿ ಪದವಿ ಇದೆ. ಲಕ್ವ ಹೊಡೆದು ಮಾತು ನಿಂತವರಿಗೆ ದಿನವೂ ಅಭ್ಯಾಸ ಮಾಡಿಸುವುದನ್ನು ಅಲ್ಲಿ ಕಲಿಯುತ್ತಾರೆ. ಎಲ್ಲರಿಗೂ ಪೂರ್ತಿ ಮಾತು ಮರಳುವುದಿಲ್ಲ. ಆದರೂ ಅನೇಕರ ಮೆದುಳು ಅಭ್ಯಾಸದಿಂದ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮೆದುಳು ಸಂಗ್ರಹಾಲಯವೇ ಇದೆ. ನಿಜವಾದ ಮೆದುಳುಗಳನ್ನು ಸಾರ್ವಜನಿಕರೂ ನೋಡಬಹುದು. ಅವುಗಳಲ್ಲಿ ಯಾವುದು ಯಾವ ಜಾತಿಯವರದು ಎಂದು ನೋಡಿ ಹೇಳಬಲ್ಲವರು ಯಾರೂ ಇಲ್ಲ.

ಒಂದು ಕಾಲದಲ್ಲಿ ವಿಜ್ಞಾನದ ಹೆಸರಿನಲ್ಲೇ ತಲೆ, ಮೂಗು ಅಳೆದು ಜನರನ್ನು ಮೇಲುಕೀಳು ಮಾಡಿದರು. ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ಅಂಥ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರಲ್ಲ ಎಂದು ವಾದಿಸಿದರು. ಆ ಅಂಕಿಗಳನ್ನು ಓದಬಲ್ಲವರಾಗಿದ್ದರಿಂದಲೇ ಅವರು ಉತ್ತರ ಕೊಡಲು ಸಾಧ್ಯವಾಯಿತು. ನಾಳೆ ಇನ್ಯಾರೋ ಮೆದುಳಿನ ಚಿತ್ರ ಹಿಡಿದು ಅದೇ ಸುಳ್ಳು ಹೇಳಿದರೆ, ಉತ್ತರ ಕೊಡಲು ನಮ್ಮ ಮಕ್ಕಳು ಆ ಪ್ರಯೋಗಾಲಯದ ಒಳಗಿರಬೇಕು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಮನಸ್ಸನ್ನು ಧಮ್ಮದ ಕೇಂದ್ರದಲ್ಲಿಟ್ಟರು. ಹಿಂದಿನ ಜನ್ಮದ ಕರ್ಮವೇ ಇಂದಿನ ಬಡತನಕ್ಕೆ ಕಾರಣ ಎಂಬುದನ್ನು ತಳ್ಳಿಹಾಕಿದರು. ಬುದ್ಧರಿಗೆ ನರಕೋಶ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಮೆಸೇಜು ಬಂದರೆ ಫಾರ್ವರ್ಡ್ ಮಾಡಬೇಡಿ. ಯಾರೋ ಹೇಳಿದರೆಂದು ಒಪ್ಪಬೇಡಿ, ಪರೀಕ್ಷಿಸಿ ನೋಡಿ ಎಂದವರು ಬುದ್ಧರು. ಆ ದಾರಿ ನಮಗೆ ಸಾಕು.

ಒಂದು ಎಚ್ಚರಿಕೆ ಬಂಧುಗಳೇ. ನೀರು ಬಿಡದೆ ಕಾಲುವೆಯನ್ನು ಬೈಯಬಾರದು. ಓದುವ ಮಗುವಿಗೆ ಸಂಜೆ ಎರಡು ಗಂಟೆ ಬಿಡುವು, ಒಂದು ದೀಪ, ಟಿವಿ ಇಲ್ಲದ ಮೂಲೆ ಕೊಡುವುದೂ ದಾನವೇ.

ಇಂದಿನ ಸಂಕಲ್ಪ: "ನಮ್ಮ ಹಣೆಬರಹ" ಎಂಬ ಮಾತನ್ನು ಇವತ್ತು ನಮ್ಮ ಮನೆಯಲ್ಲಿ ಆಡುವುದಿಲ್ಲ. ಮಕ್ಕಳ ಪಕ್ಕ ಕುಳಿತು ಕೋರ್ಸಿನ ಅರ್ಹತೆ, ಕೊನೆಯ ದಿನಾಂಕ, ವಿದ್ಯಾರ್ಥಿವೇತನ ಮೂರನ್ನೂ ಓದುತ್ತೇವೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.