ನೂಲಿನ ಬಂಧನವು ಯಾರಿಗೆ?

ಶರಣರು ತತ್ತ್ವಬೋಧೆಗೆ ಬೇಕಾದ ದೃಷ್ಟಾಂತಗಳನ್ನು ದೂರದಿಂದ ತಂದವರಲ್ಲ. ಹೊಲ, ಮಗ್ಗ, ಗಿಡ, ಹುಳು, ಹಕ್ಕಿ ಇವುಗಳಲ್ಲಿಯೇ ಅವರು ಶಾಸ್ತ್ರಾರ್ಥವನ್ನು ಕಂಡರು. ತೆರಣಿಯ ಹುಳುವೆಂದು ಹಿಂದಿನವರು ಕರೆಯುತ್ತಿದ್ದ ರೇಷ್ಮೆಯ ಹುಳುವು ತಾನು ನೂತ ನೂಲಿನಲ್ಲಿ ತಾನೇ ಸಿಕ್ಕಿ ಅಳಿಯುವುದನ್ನು ಮಹಾದೇವಿಯಕ್ಕನವರು ಮನದ ಬಯಕೆಗೆ ಹೋಲಿಸಿರುವರು. ಈ ಹೋಲಿಕೆಯನ್ನು ಬಾಯಿಪಾಠ ಮಾಡಿದವರು ಅನೇಕರು. ಆ ಹುಳುವಿನ ಬಾಳನ್ನು ಮೊದಲಿನಿಂದ ಕಡೆಯವರೆಗೆ ಕಣ್ಣಿಟ್ಟು ನೋಡಿದವರು ವಿರಳ. ನೋಡಿದವರಿಗೆ ಹೋಲಿಕೆಯ ಅರ್ಥವು ಇನ್ನಷ್ಟು ಆಳವಾಗುವುದಲ್ಲದೆ, ಒಂದು ಧರ್ಮಪ್ರಶ್ನೆಯೂ ಎದುರಾಗುವುದು.

ಮೈಸೂರು ಸೀಮೆಯಲ್ಲಿ 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿ, ರೇಷ್ಮೆಯ ಕಸುಬಿಗೆ ಪ್ರೋತ್ಸಾಹವು ದೊರೆಯಿತು. ಇಂದಿಗೂ ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದೆಡೆಗಳಲ್ಲಿ ಸಾವಿರಾರು ಮನೆಗಳು ಇದರಿಂದಲೇ ಅನ್ನವನ್ನು ಕಾಣುತ್ತಿವೆ. ಅಂತಹ ಒಂದು ಮನೆಯ ತಟ್ಟೆಯನ್ನು ನೋಡಬೇಕು. ಮೊಟ್ಟೆಯೊಡೆದು ಹೊರಬಂದ ಮರಿಯು ಕಪ್ಪಗೆ, ಸಣ್ಣ ಇರುವೆಯಷ್ಟಿರುವುದು. ಹಿಪ್ಪುನೇರಳೆಯ ಎಳೆಯ ಸೊಪ್ಪೇ ಅದಕ್ಕೆ ಆಹಾರ. ಅನ್ಯವನ್ನು ಅದು ಬಯಸದು. ಮೂರು ನಾಲ್ಕು ದಿನ ಮೇದಮೇಲೆ ಮೇವನ್ನು ತೊರೆದು, ತಲೆಯನ್ನೆತ್ತಿ, ಅಲುಗದೆ ನಿಲ್ಲುವುದು. ಸಾಕುವವರು ಇದನ್ನು 'ಜ್ವರ'ವೆನ್ನುವರು. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ಹಾಕುವುದಿಲ್ಲ. ಆದರೆ ಇದು ರೋಗವಲ್ಲ. ಮೈ ಬೆಳೆದರೂ ತೊಗಲು ಅದರೊಡನೆ ಹಿಗ್ಗಲಾರದು. ಒಳಗೆ ಹೊಸ ತೊಗಲು ಸಿದ್ಧವಾದ ಮೇಲೆ ಹಳೆಯದನ್ನು ಕಳಚಿ ಹುಳುವು ಹೊರಬರುವುದು. ಹೀಗೆ ನಾಲ್ಕು ಜ್ವರಗಳು, ಐದು ಅವಸ್ಥೆಗಳು. ಸುಮಾರು 25 ದಿನಗಳಲ್ಲಿ ಅದರ ತೂಕವು ಹುಟ್ಟಿದಾಗಿನದಕ್ಕಿಂತ ಹತ್ತು ಸಾವಿರ ಮಡಿಯಷ್ಟಾಗುವುದು.

ನಾಲ್ಕನೆಯ ಜ್ವರವೆದ್ದ ಹುಳುವಿನ ಹಸಿವು ಅಪಾರವಾದುದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲಿಯೇ ತಿನ್ನುವುದು. ರಾತ್ರಿಯಲ್ಲಿ ಆ ಮೇಯುವ ಸದ್ದು ಎಲೆಯ ಮೇಲೆ ಮಳೆ ಬಿದ್ದಂತೆ ಕೇಳಿಸುವುದು. ಬಳಿಕ ಅದು ಹಣ್ಣಾಗುವುದು: ಮೇವನ್ನು ಬಿಡುವುದು, ಮೈ ಪಾರದರ್ಶಕವಾಗುವುದು. ಆಗ ಅದನ್ನು ಚಂದ್ರಿಕೆಗೆ ಬಿಡುವರು. ಅಲ್ಲಿ ತಲೆಯನ್ನು ಅತ್ತಿತ್ತ ಆಡಿಸುತ್ತ, ಎರಡು ಮೂರು ದಿನಗಳಲ್ಲಿ, ನೂರಾರು ಮೀಟರು ಉದ್ದದ ಒಂದೇ ಎಳೆಯಿಂದ ತನ್ನ ಸುತ್ತ ಗೂಡನ್ನು ಕಟ್ಟಿಕೊಳ್ಳುವುದು.

ಇಲ್ಲಿಯವರೆಗಿನದನ್ನು ನೋಡಿದವನು, ಹುಳುವು ತನ್ನ ನೂಲಿನಿಂದಲೇ ಸತ್ತಿತೆಂದು ಭಾವಿಸುವನು. ಆದರೆ ಗೂಡನ್ನು ಮುಟ್ಟದೆ ಬಿಟ್ಟು ನೋಡಿರಿ. ಒಳಗೆ ಹುಳುವು ಕೋಶಾವಸ್ಥೆಗೆ ಇಳಿಯುವುದು; ಕೆಲವು ದಿನಗಳಲ್ಲಿ ರೆಕ್ಕೆಯುಳ್ಳ ಚಿಟ್ಟೆಯಾಗುವುದು; ತನ್ನ ಬಾಯಿಂದ ಒಸರಿದ ರಸದಿಂದ ಗೂಡಿನ ತುದಿಯನ್ನು ಮೆದುಮಾಡಿ ಹೊರಬರುವುದು. ಏನನ್ನೂ ತಿನ್ನದೆ, ನಾನೂರು ಐನೂರು ಮೊಟ್ಟೆಗಳನ್ನಿಟ್ಟು, ಕೆಲವೇ ದಿನಗಳಲ್ಲಿ ಅಳಿಯುವುದು. ಹಾಗಾದರೆ ನೂಲು ಹುಳುವಿಗೆ ಸೆರೆಮನೆಯಲ್ಲ, ರಕ್ಷೆ. ಅದು ಸಾಯುವುದು ಏಕೆಂದರೆ, ಚಿಟ್ಟೆ ಹೊರಬಂದರೆ ಎಳೆ ತುಂಡಾಗಿ ಉದ್ದನೆಯ ನೂಲು ದೊರೆಯದೆಂದು ಮನುಷ್ಯನು ಗೂಡನ್ನು ಬಿಸಿ ಹಬೆಗೂ ಕುದಿಯುವ ನೀರಿಗೂ ಒಡ್ಡುವುದರಿಂದ.

ಇಲ್ಲಿ ಒಂದು ಪೂರ್ವಪಕ್ಷ: ಹಾಗಾದರೆ ಅಕ್ಕನವರ ಹೋಲಿಕೆ ಸಲ್ಲದೆ? ಸಲ್ಲುವುದು, ಇನ್ನೂ ಹೆಚ್ಚಾಗಿ ಸಲ್ಲುವುದು. ಅವರು ಹೇಳಿದುದು ಬಯಕೆಯ ಮಾತು. ಆ ಗೂಡಿನ ಬಳಿ ಬಯಕೆಯು ಯಾರಲ್ಲಿದೆಯೆಂದು ವಿಚಾರಿಸಬೇಕು. ಹುಳುವಿಗೆ ಜರಿಯ ಅಂಚಿನ ಆಸೆಯಿಲ್ಲ. ಆಸೆಯುಳ್ಳವನು ಮನುಷ್ಯನು. ಅದೇ ನೂಲಿನಿಂದ ಹೆಮ್ಮೆಯನ್ನೂ ಸಾಲವನ್ನೂ ಅಸೂಯೆಯನ್ನೂ ನೆಯ್ದುಕೊಂಡು ಸುತ್ತಿಕೊಳ್ಳುವವನೂ ಅವನೇ.

ಎರಡನೆಯ ಪೂರ್ವಪಕ್ಷ: ಹುಳುವು ಪರೋಪಕಾರಕ್ಕಾಗಿ ಪ್ರಾಣವನ್ನು ಅರ್ಪಿಸುವ ತ್ಯಾಗಿಯಲ್ಲವೇ? ಈ ಮಾತು ಸಭೆಗಳಲ್ಲಿ ಇಂಪಾಗಿ ಕೇಳಿಸುವುದು, ಆದರೆ ಸತ್ಯವಲ್ಲ. ತಿಳಿದು ಕೊಟ್ಟುದು ದಾಸೋಹ; ಕೇಳದೆ ತೆಗೆದುಕೊಂಡುದನ್ನು ದಾಸೋಹವೆಂದು ಕರೆಯಲಾಗದು. ತೆಗೆದುಕೊಂಡವನು ಕೊಟ್ಟವನ ತ್ಯಾಗವನ್ನು ಹೊಗಳುವುದು ತನ್ನ ಕೈಯನ್ನು ತೊಳೆದುಕೊಳ್ಳುವ ಉಪಾಯವಷ್ಟೆ.

ಮೂರನೆಯದು ಭಾರವಾದುದು: ಸಾಕುವವನ ಕಾಯಕವು ಪಾಪವೇ? ನೇಗಿಲ ಕೆಳಗೂ ಜೀವಗಳು ಸಾಯುವುವು. ಹಿಂಸೆಯಿಲ್ಲದ ಬೇಸಾಯವು ಎಲ್ಲಿಯೂ ಇಲ್ಲ. ಹಗಲಿರುಳು ಸೊಪ್ಪು ಹಾಕಿ, ಮಕ್ಕಳಂತೆ ಹುಳುವನ್ನು ಕಾಯುವ ಬಡ ಒಕ್ಕಲಿಗನ ಮೇಲೆ ಪಟ್ಟೆಯನ್ನುಟ್ಟವನು ಪಾಪದ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಹಸಿವಿಗಾಗಿ ಅನಿವಾರ್ಯವಾಗಿ ಆಗುವುದೊಂದು, ಅಲಂಕಾರಕ್ಕಾಗಿ ಆಗುವುದು ಮತ್ತೊಂದು. ಈ ಎರಡರ ಅಂತರವನ್ನು ಮೊದಲು ಅಳೆಯಬೇಕಾದವನು ಕೊಳ್ಳುವವನೇ.

ಹೀಗಿರಲು ಭಕ್ತನು ತನ್ನನ್ನು ಕೇಳಿಕೊಳ್ಳಬೇಕು: ಲಿಂಗಪೂಜೆಗೆ ರೇಷ್ಮೆಯ ಮಡಿಯೇ ಏಕೆ? ಪತ್ರೆ, ವಿಭೂತಿ, ತೊಳೆದ ಹತ್ತಿಯ ಬಟ್ಟೆ ಸಾಲದೆ? ಸಹಸ್ರಾರು ಜೀವಗಳು ಬೆಂದು ಆದ ವಸ್ತ್ರವನ್ನು ಶುದ್ಧವೆಂದು ಉಟ್ಟು ದಯೆಯ ಮಾತನಾಡುವುದು ಎಷ್ಟು ಒಪ್ಪುವುದು? ರೇಷ್ಮೆಯೇ ಬೇಕೆನ್ನುವವರಿಗೆ, ಚಿಟ್ಟೆ ಹಾರಿಹೋದ ಗೂಡನ್ನು ಹತ್ತಿಯಂತೆ ನೂತ ಬಟ್ಟೆಯೂ ಉಂಟು. ಅದರಲ್ಲಿ ಹೊಳಪು ಕಡಿಮೆ, ಮನಸ್ಸಿನ ಭಾರವೂ ಕಡಿಮೆ. ಮನೆಯಲ್ಲಿ ಈಗಾಗಲೇ ಇರುವ ಪಟ್ಟೆಯನ್ನು ಸುಡಬೇಕಾಗಿಲ್ಲ. ಅದನ್ನು ಉಡುವಾಗ ಹೆಮ್ಮೆಯ ಬದಲು ಋಣದ ನೆನಪಿರಲಿ.

ಹುಳುವು ತಾನು ಬೆಳೆಯುವುದಕ್ಕಾಗಿ ನಾಲ್ಕು ಬಾರಿ ಉಪವಾಸವಿದ್ದು ನಾಲ್ಕು ಬಾರಿ ತೊಗಲನ್ನು ಕಳಚಿತು. ಅದರ ನೂಲನ್ನುಟ್ಟವನು ಒಂದು ಬಯಕೆಯನ್ನಾದರೂ ಕಳಚಿದರೆ ಅಕ್ಕನವರ ಹೋಲಿಕೆಯನ್ನು ಓದಿದುದು ಸಾರ್ಥಕವಾಗುವುದು.