ಇಪ್ಪತ್ತು ರೂಪಾಯಿ ಉಳಿಯುವ ಸಂಬಳ ಏರಿಕೆ



ಸ್ವಾಮಿಗಳೇ, ಈ ವಾರದ ಬರಹ ಬೆಟ್ಟದ ದಾರಿಯ ಬಗ್ಗೆ ಅಲ್ಲ, ಹೊಟ್ಟೆಪಾಡಿನ ಬಗ್ಗೆ. ನಮ್ಮ ಗ್ರೂಪಿನಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿ ಹೆಡ್‌ಸೆಟ್ ಹಾಕಿಕೊಂಡು ದುಡಿಯುವ ಹುಡುಗರು ತುಂಬಾ ಇದ್ದೀರಿ. ಮನೆಯಿಂದಲೇ ಮಾಡುವ ಕೆಲಸ ಕೈಯಲ್ಲಿದೆ. ಸ್ವಲ್ಪ ಹೆಚ್ಚು ಸಂಬಳ ಕೊಡುತ್ತೇವೆ, ಆಫೀಸಿಗೆ ಬಾ ಎಂದು ಬೇರೆ ಕಂಪನಿ ಕರೆಯುತ್ತಿದೆ. ಹೋಗಬೇಕಾ, ಬೇಡವಾ? ಇದು ನನ್ನೊಬ್ಬನ ಪ್ರಶ್ನೆ ಇರಲಾರದು ಅಂತ ಬರೆಯುತ್ತಿದ್ದೇನೆ.

ನನ್ನ ಊರು ರಾಣೇಬೆನ್ನೂರು ಕಡೆ. ಈಗ ಇರುವುದು ಹೌರಾದ ಶಿಬ್‌ಪುರದಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಅವರು ರೈಲ್ವೆಯಲ್ಲಿದ್ದು ನಿವೃತ್ತರಾಗಿ ಇಲ್ಲೇ ಉಳಿದವರು, ಮಗ ಪುಣೆಯಲ್ಲಿ. ನಾನು ಐಟಿ ಸಪೋರ್ಟ್: ಪಾಸ್‌ವರ್ಡ್ ರೀಸೆಟ್, ವಿಪಿಎನ್, ಪ್ರಿಂಟರ್. ಕೈಗೆ ಬರುವುದು 22,000. ಹೊಸ ಕೆಲಸ ಇರುವುದು ಸೆಕ್ಟರ್ ಫೈವ್‌ನಲ್ಲಿ. ಸಾಲ್ಟ್ ಲೇಕ್‌ನ ಪೂರ್ವದ ಅಂಚಿನಲ್ಲಿ ಐಟಿ ಕಂಪನಿಗಳು ಒತ್ತೊತ್ತಾಗಿ ಸೇರಿಕೊಂಡಿರುವ ಜಾಗ ಅದು. ನಮ್ಮ ಎಲೆಕ್ಟ್ರಾನಿಕ್ ಸಿಟಿ ಇದ್ದ ಹಾಗೆ, ಆದರೆ ಊರಿನಿಂದ ಅಷ್ಟು ದೂರವಿಲ್ಲ.

ಆಫರ್ ಲೆಟರಿನಲ್ಲಿ 3,500 ಹೆಚ್ಚು. ಪಿಎಫ್ ಅದು ಇದು ಕಳೆದರೆ ಕೈಗೆ 3,100. ಇನ್ನು ಖರ್ಚು ನೋಡಿ. 2025ರ ಆಗಸ್ಟ್ 22ರಂದು ಎಸ್ಪ್ಲನೇಡ್–ಸಿಯಾಲ್ದಾ ನಡುವಿನ ತುಂಡು ಸೇರಿದ ಮೇಲೆ ಹೌರಾ ಮೈದಾನ್‌ನಿಂದ ಸೆಕ್ಟರ್ ಫೈವ್‌ಗೆ ಒಂದೇ ಮೆಟ್ರೋ ಹೋಗುತ್ತದೆ, ಹೂಗ್ಲಿ ನದಿಯ ಕೆಳಗೇ ಹಾದು, 16.6 ಕಿಲೋಮೀಟರ್. ಟಿಕೆಟ್ 30. ಹೋಗಿಬರಲು 60, ತಿಂಗಳಿಗೆ 22 ದಿನ, 1,320. ಮನೆಯಿಂದ ಸ್ಟೇಷನ್‌ಗೆ ಟೋಟೋ (ಇಲ್ಲಿನ ಬ್ಯಾಟರಿ ರಿಕ್ಷಾ) ದಿನಕ್ಕೆ 20, ಅಲ್ಲಿಗೆ 440. ಮಧ್ಯಾಹ್ನದ ಊಟಕ್ಕೆ 60 ಎಂದರೂ ಮತ್ತೆ 1,320. ಒಟ್ಟು 3,080. ಉಳಿದದ್ದು ಇಪ್ಪತ್ತು ರೂಪಾಯಿ!

ದಾರಿಯ ಸಮಯ ಬೇರೆ. ಬಾಗಿಲಿಂದ ಬಾಗಿಲಿಗೆ ಒಂದು ಗಂಟೆ ಹಿಡಿದರೆ ತಿಂಗಳಿಗೆ 44 ಗಂಟೆ, ಹತ್ತಿರ ಐದು ಶಿಫ್ಟ್. ಈಗಿನ ಸಂಬಳದ ದರ ಹಾಕಿದರೆ ಸುಮಾರು 4,900 ರೂಪಾಯಿಯ ಸಮಯ. ಗೆಳೆಯರು ಇಷ್ಟು ಕೇಳಿದವರೇ "ಹುಚ್ಚಾ ನಿನಗೆ, ಸುಮ್ಮನಿರು" ಎಂದರು. ದುಡ್ಡಿನ ಮಟ್ಟಿಗೆ ಅವರ ಮಾತು ಸರಿ. ಆದರೆ ಈ ಲೆಕ್ಕದಲ್ಲಿ ನನ್ನ ಜೇಬು ಮಾತ್ರ ಇದೆ. ನಾನು ಮನೆಯಲ್ಲಿ ಕೂತು ದುಡಿಯುವುದಕ್ಕೆ ಬೇರೆಯವರು ಕೊಡುತ್ತಿರುವುದು ಇದರಲ್ಲಿ ಎಲ್ಲೂ ಬಂದಿಲ್ಲ.

ನಮ್ಮ ಮನೆಯಲ್ಲಿ ಇರುವುದು ಎರಡು ಕೋಣೆ. ನಾನು ಕಾಲ್‌ನಲ್ಲಿದ್ದಾಗ ದೊಡ್ಡವ್ವ ಕುಕ್ಕರ್ ಇಡುವುದಿಲ್ಲ, ಸೀಟಿ ಕೇಳುತ್ತದೆ ಅಂತ. ದೊಡ್ಡಪ್ಪ ಟಿವಿಯಲ್ಲಿ ಸುದ್ದಿಯನ್ನು ಸದ್ದಿಲ್ಲದೆ ನೋಡುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ದಿನವಿಡೀ ತಿರುಗುವ ಫ್ಯಾನು, ಕೂಲರಿನ ಕರೆಂಟ್ ಬಿಲ್ಲು ಬರುವುದು ಅವರ ಹೆಸರಿಗೆ. ಸೆಕ್ಟರ್ ಫೈವ್‌ನಲ್ಲಿ ಕುರ್ಚಿಗೆ, ಎಸಿಗೆ, ಬಾಡಿಗೆಗೆ ಕಂಪನಿ ದುಡ್ಡು ಕೊಡಬೇಕು. ಇಲ್ಲಿ ಪಿಂಚಣಿಯಲ್ಲಿ ಬದುಕುವ ಇಬ್ಬರು ಹಿರಿಯರು ತಮ್ಮ ಕೋಣೆಯನ್ನು, ತಮ್ಮ ಮಾತನ್ನು ಒಂದು ಕಂಪನಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ. ಅವರೇನೂ ದೂರಿಲ್ಲ. ದೂರದೇ ಇರುವವರ ಖರ್ಚು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

"ಆದರೂ ಮನೆಯಲ್ಲಿ ಇರುತ್ತೀಯಲ್ಲ, ವಯಸ್ಸಾದವರಿಗೆ ಅದೇ ಧೈರ್ಯ" ಎನ್ನಬಹುದು. ಇದು ಗಟ್ಟಿ ಮಾತು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಕಣ್ಣಿನ ಹಿಂಪದರಕ್ಕೆ ತೊಂದರೆಯಾಗಿ ಆಗಾಗ ಇಂಜೆಕ್ಷನ್‌ಗೆ ಕರೆದುಕೊಂಡು ಹೋಗಬೇಕು. ಆದರೆ ಆ ದಿನ ಈಗಲೂ ನಾನು ರಜೆಯನ್ನೇ ಹಾಕುತ್ತೇನೆ. ಲಾಗಿನ್ ಆದವನು ಹತ್ತು ನಿಮಿಷ ಕದಲಿದರೆ ಸ್ಟೇಟಸ್ ಹಳದಿಯಾಗುತ್ತದೆ. ಪಕ್ಕದ ಕೋಣೆಯಿಂದ ಅವರು ಕೂಗಿದರೆ ಕೈ ಸನ್ನೆ ಮಾಡಿ "ಆಮೇಲೆ" ಎನ್ನುವವನು ನಾನು. ಮನೆಯಲ್ಲಿರುವುದು ಬೇರೆ, ಮನೆಯವರ ಕೈಗೆ ಸಿಗುವುದು ಬೇರೆ. ಕಾಗದದಲ್ಲಿ ಲಾಗೌಟ್ 7ಕ್ಕೆ. 6:50ಕ್ಕೆ ಟಿಕೆಟ್ ಬಂದರೆ "ಮನೆಯಲ್ಲೇ ಇದ್ದೀಯಲ್ಲ, ನೋಡಿಬಿಡು" ಎಂಬ ಮೆಸೇಜ್ ಜೊತೆಗೇ ಬರುತ್ತದೆ. ಆ 44 ಗಂಟೆ ಪೂರ್ತಿ ನನ್ನದಾಗಿದ್ದರೆ ಬಿಡುವುದು ಕಷ್ಟವಾಗುತ್ತಿತ್ತು.

ಇನ್ನೊಂದು ಮಾತು ನಮ್ಮಂಥ ಡಿಪ್ಲೊಮಾದವರಿಗೆ. ಚೀನಾದ ಸಿಟ್ರಿಪ್ ಎಂಬ ಟ್ರಾವೆಲ್ ಕಂಪನಿಯ ಕಾಲ್ ಸೆಂಟರಿನಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಒಂಬತ್ತು ತಿಂಗಳ ಪ್ರಯೋಗ ಮಾಡಿದ್ದರು, 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಫೀಸಿಗೆ ವಾಪಸಾದರು. ಒಂಟಿತನ ಮುಖ್ಯ ಕಾರಣ. ಸರ್ವರ್ ಕೆಲಸ ಕಲಿಯಬೇಕೆಂದರೆ ಅದು ಬಲ್ಲವರ ಪಕ್ಕ ಕೂತು ನೋಡಬೇಕು. ಡಿಗ್ರಿ ಇದ್ದವರಿಗೆ ಸರ್ಟಿಫಿಕೇಟ್ ಮಾತಾಡುತ್ತದೆ, ನಮಗೆ ಯಾರಾದರೂ "ಈ ಹುಡುಗನಿಗೆ ಬರುತ್ತೆ" ಅನ್ನಬೇಕು.

ಮಾಲೆ ಹಾಕಿದಾಗ ಮನೆಯಲ್ಲಿದ್ದರೆ ಅನುಕೂಲ ಎಂದು ಕೆಲವು ಸ್ವಾಮಿಗಳು ಹೇಳಿದರು. ಸೆಕ್ಟರ್ ಫೈವ್‌ನ ಫುಟ್‌ಪಾತ್ ಹೋಟೆಲುಗಳಲ್ಲಿ ಅನ್ನದ ಜೊತೆ ಮೀನಿನ ಸಾರು ಕುದಿಯುತ್ತಿರುತ್ತದೆ, ನಿಜ. ಆ 41 ದಿನ ಡಬ್ಬಿ ಕಟ್ಟಿಕೊಂಡು ಹೋದರಾಯಿತು. ಲಾರಿ ಓಡಿಸುವವರು, ಹಮಾಲಿ ಮಾಡುವವರು ಕೆಲಸದ ನಡುವೆಯೇ ವ್ರತ ನಡೆಸುತ್ತಾರೆ. ಎಸಿ ಆಫೀಸಿಗೆ ಹೋಗುವ ನಾನು ವ್ರತವನ್ನು ನೆಪ ಮಾಡಿದರೆ ನಗೆಪಾಟಲು.

ಇದೆಲ್ಲ ನನ್ನ ಮನೆಯ ಮಾತು. ಹಾವೇರಿಯಲ್ಲಿ ತಾಯಿಯ ಜೊತೆಗಿದ್ದು ದುಡಿಯುವ ನನ್ನ ಗೆಳೆಯನಿಗೆ ಆಫೀಸ್ ಎಂದರೆ ಬೆಂಗಳೂರಿನ ಪಿಜಿ. ಇಪ್ಪತ್ತು ರೂಪಾಯಿ ಉಳಿಯುವುದಿರಲಿ, ಕೈಯಿಂದಲೇ ಹಾಕಬೇಕು. ಸಣ್ಣ ಮಗು ಇರುವವರಿಗೆ, ನಡೆಯಲು ಕಷ್ಟ ಇರುವವರಿಗೆ ಮನೆಯ ಕೆಲಸವೇ ದಾರಿ. ಅವರು ಬಿಡಬಾರದು, ಬಿಡಿಸಬಾರದು.

ನಾನು ಒಪ್ಪುವುದೆಂದು ತೀರ್ಮಾನಿಸಿದ್ದೇನೆ. ಒಂದೇ ಷರತ್ತು ಕೇಳಿದ್ದೇನೆ: ದೊಡ್ಡಪ್ಪನ ಇಂಜೆಕ್ಷನ್ ಇರುವ ಬುಧವಾರ ನನಗೆ ಬಿಡುವು ಬೇಕು, ಬದಲಿಗೆ ಶನಿವಾರ ಬರುತ್ತೇನೆ, ಇದನ್ನು ಬರಹದಲ್ಲಿ ಕೊಡಿ ಅಂತ. ಎಚ್‌ಆರ್ "ಬಾಯಿಮಾತು ಸಾಲದಾ?" ಎಂದರು. ಸಾಲದು ಎಂದಿದ್ದೇನೆ. ಶುಕ್ರವಾರದೊಳಗೆ ಉತ್ತರ ಬರಬೇಕು.