ಬಿಟ್ಟುಹೋಗುವದೂ ನಿಂತುಕೊಳ್ಳುವದೂ

ಒಂದೇ ಸ್ಥಳದಲ್ಲಿ ಒಂದೇ ಕೆಲಸವನ್ನು ಬಹುಕಾಲ ಮಾಡಿದವರನ್ನು ನಾವು ನಂಬಿಗಸ್ತರೆಂದು ಹೊಗಳುತ್ತೇವೆ; ಕೈಹಾಕಿದ್ದನ್ನು ಬಿಟ್ಟುಹೋದವರನ್ನು ಚಂಚಲರೆಂದು ಜರೆಯುತ್ತೇವೆ. ಈ ಅಳತೆಯು ಸರಿಯಾದದ್ದೋ? ಹೊಲದ ನಡುವೆ ಬಿದ್ದಿರುವ ಬಂಡೆಯೂ ನೂರು ವರುಷ ಕದಲದೆ ಇರುತ್ತದೆ. ಆದರೆ ಅದನ್ನು ಯಾರೂ ನಂಬಿಗಸ್ತವಾದದ್ದೆಂದು ಕರೆಯುವದಿಲ್ಲ, ನೇಗಿಲಿಗೆ ಅಡ್ಡಿಯೆಂದೇ ಅನ್ನುತ್ತಾರೆ. ಹಾಗಾದರೆ ಯಾವಾಗ ಬಿಡತಕ್ಕದ್ದು, ಯಾವಾಗ ನಿಲ್ಲತಕ್ಕದ್ದು? ಪ್ರಿಯ ವಾಚಕರೇ, ಇಂಗ್ಲೆಂಡ್ ದೇಶದ ಒಬ್ಬ ಉಪಾಧ್ಯಾಯಿನಿಯ ದೀರ್ಘವಾದ ಜೀವಮಾನವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಡೊರೊಥಿಯಾ ಬೀಲ್ ಅಮ್ಮನವರು 1831ರಲ್ಲಿ ಲಂಡನ್ ಪಟ್ಟಣದಲ್ಲಿ ಒಬ್ಬ ವೈದ್ಯರ ಮಗಳಾಗಿ ಹುಟ್ಟಿದರು. ಆ ಕಾಲದಲ್ಲಿ ಆ ದೇಶದ ಅನುಕೂಲಸ್ಥರ ಹೆಣ್ಣುಮಕ್ಕಳಿಗೂ ಸ್ವಲ್ಪ ಸಂಗೀತ, ಸ್ವಲ್ಪ ಕಸೂತಿ, ಒಂದೆರಡು ಭಾಷೆಗಳ ಮಾತು, ಇಷ್ಟೇ ಸಾಕೆಂಬ ಅಭಿಪ್ರಾಯವು ಬಲವಾಗಿತ್ತು. 1848ರಲ್ಲಿ ಸ್ತ್ರೀಯರಿಗಾಗಿ ಲಂಡನಿನಲ್ಲಿ ಕ್ವೀನ್ಸ್ ಕಾಲೇಜು ತೆರೆಯಲ್ಪಟ್ಟಾಗ ಅವರು ಅಲ್ಲಿಯ ಮೊದಲಿನ ವಿದ್ಯಾರ್ಥಿನಿಯರಲ್ಲಿ ಒಬ್ಬರಾದರು. 1849ರಿಂದ ಅಲ್ಲಿಯೇ ಗಣಿತವನ್ನು ಕಲಿಸಿದರು. ಬರಬರುತ್ತಾ ಅಲ್ಲಿಯ ಆಡಳಿತದಲ್ಲಿ ಉಪಾಧ್ಯಾಯಿನಿಯರ ಮಾತಿಗೆ ಬೆಲೆ ಕಡಿಮೆಯಾದದ್ದನ್ನು ಕಂಡು, 1856ರಲ್ಲಿ ಆ ಕೆಲಸವನ್ನು ಬಿಟ್ಟರು. ಮರುವರುಷ ಕ್ಯಾಸ್ಟರ್ಟನ್ ಎಂಬ ಊರಲ್ಲಿ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ಇದ್ದ ಶಾಲೆಗೆ ಮುಖ್ಯ ಉಪಾಧ್ಯಾಯಿನಿಯಾಗಿ ಹೋದರು. ಅಲ್ಲಿ ಕಟ್ಟುನಿಟ್ಟುಗಳು ಬಹಳ, ಮಕ್ಕಳಿಗೆ ಸಂತೋಷವು ಸ್ವಲ್ಪ. ಅವರು ಇದನ್ನು ಮುಚ್ಚುಮರೆಯಿಲ್ಲದೆ ಆಡಳಿತದವರ ಮುಂದಿಟ್ಟು, ತಿದ್ದುಪಾಟಾಗದಿದ್ದರೆ ತಾನು ಇರಲಾರೆನೆಂದು ತಿಳಿಸಿದರು. ವರುಷವು ಮುಗಿಯುವದರೊಳಗೆ ಆಡಳಿತದವರೇ ಅವರನ್ನು ಕೆಲಸದಿಂದ ತೆಗೆದುಬಿಟ್ಟರು.

ಆಗ ಅವರ ವಯಸ್ಸು ಇಪ್ಪತ್ತಾರು. ಕೈಬಿಟ್ಟ ಕೆಲಸಗಳು ಎರಡು. ನೆರೆಹೊರೆಯವರ ಅಳತೆಯಿಂದ ಅಳೆದರೆ ಇವರು ಎಲ್ಲಿಯೂ ನಿಲ್ಲುವವರಲ್ಲ. ಆದರೆ 1858ರಲ್ಲಿ ಚೆಲ್ಟನ್‌ಹ್ಯಾಮ್ ಪಟ್ಟಣದ ಹುಡುಗಿಯರ ಕಾಲೇಜಿಗೆ ಮುಖ್ಯಸ್ಥರಾಗಿ ಹೋದ ಅದೇ ಅಮ್ಮನವರು, 1906ರಲ್ಲಿ ಮರಣವು ಬರುವ ತನಕ, ನಾಲ್ವತ್ತೆಂಟು ವರುಷ ಅಲ್ಲಿಯೇ ನಿಂತರು.

ಅಲ್ಲಿ ಕಷ್ಟವಿರಲಿಲ್ಲವೋ? ಬೇಕಾದಷ್ಟಿತ್ತು. ಅವರು ಹೋದಾಗ ಮಕ್ಕಳು 69 ಮಂದಿ. ಮೂಲಧನದಲ್ಲಿ 400 ಪೌಂಡು ಮಾತ್ರ ಉಳಿದಿತ್ತು. ಶಾಲೆಯು ಇಂದು ಮುಚ್ಚುವದೋ ನಾಳೆ ಮುಚ್ಚುವದೋ ಎಂಬ ಸ್ಥಿತಿ. ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ವಿದ್ಯೆ ಯಾಕೆಂದು ಗೊಣಗುವ ತಂದೆತಾಯಿಗಳಿದ್ದರು. ಗಣಿತವನ್ನು ಬಲ್ಲ ಆ ಅಮ್ಮನವರು ಮೊದಲಿಗೇ ರೇಖಾಗಣಿತವನ್ನು ತರಲಿಲ್ಲ. ಗಂಡುಮಕ್ಕಳ ಶಾಲೆಗಳಲ್ಲಿ ಆಗ ಹೆಚ್ಚಾಗಿ ಕಲಿಸದೆ ಇದ್ದ ಪ್ರಾಕೃತಿಕ ಭೂಗೋಳವನ್ನು ಕಲಿಸಿ, ಅದರ ಮೂಲಕ ಪ್ರಕೃತಿಶಾಸ್ತ್ರಕ್ಕೆ ಬಾಗಿಲು ತೆರೆದರು. ಯಾರಿಗೂ ಅದು ತಪ್ಪಾಗಿ ತೋರಲಿಲ್ಲ. ಹೀಗೆ ತಾಳ್ಮೆಯಿಂದ ನಡೆದು, 1863ರ ಹೊತ್ತಿಗೆ ಮಕ್ಕಳು 126 ಮಂದಿಯಾದರು. ಅವರು ಸಾಯುವಾಗ ಸಾವಿರಕ್ಕೆ ಹೆಚ್ಚಾಗಿದ್ದರು.

ಹಾಗಾದರೆ ಕ್ಯಾಸ್ಟರ್ಟನಿನಲ್ಲಿ ಇಲ್ಲದ ತಾಳ್ಮೆಯು ಇಲ್ಲಿ ಎಲ್ಲಿಂದ ಬಂತು? ನಮಗೆ ತೋರುವದೇನಂದರೆ, ತಾಳ್ಮೆಯು ಎರಡು ಕಡೆಯಲ್ಲಿಯೂ ಒಂದೇ. ಕಷ್ಟವು ಮಾತ್ರ ಬೇರೆ. ಚೆಲ್ಟನ್‌ಹ್ಯಾಮಿನ ಕಷ್ಟವು ಅವರ ತಲೆಯ ಮೇಲೆ ಬಿದ್ದದ್ದು, ಅದನ್ನು ಹೊತ್ತರು. ಕ್ಯಾಸ್ಟರ್ಟನಿನ ಕಷ್ಟವು ಮಕ್ಕಳ ಮೇಲೆ ಬಿದ್ದದ್ದು. ಅದನ್ನು ತಾಳ್ಮೆಯೆಂಬ ಹೆಸರಿನಿಂದ ಹೊರುವ ಅಧಿಕಾರವು ಅವರಿಗಿರಲಿಲ್ಲ. ತನ್ನ ನೋವನ್ನು ಸಹಿಸುವದು ಗುಣ. ಪರರ ನೋವನ್ನು ಸುಮ್ಮನೆ ನೋಡುತ್ತಾ ಸಹಿಸುವದು ಗುಣವಲ್ಲ. ಇನ್ನೊಂದನ್ನೂ ಗಮನಿಸೋಣ: ಅವರು ಸದ್ದಿಲ್ಲದೆ ಓಡಿಹೋಗಲಿಲ್ಲ, ಬೀದಿಯಲ್ಲಿ ದೂರು ಹೇಳುತ್ತಾ ತಿರುಗಲಿಲ್ಲ; ತಿದ್ದುವ ಅಧಿಕಾರವುಳ್ಳವರ ಮುಂದೆ ಮೊದಲು ಮಾತಾಡಿದರು.

ಎಲ್ಲರೂ ಅವರಂತೆ ಬಿಡಬಲ್ಲರೋ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಮಾತೇ. ಅವರಿಗೆ ಸಾಕಬೇಕಾದ ಮಕ್ಕಳಿರಲಿಲ್ಲ. ತಂದೆಯ ಮನೆಯ ಬಾಗಿಲು ತೆರೆದಿತ್ತು. ದಿನದ ಕೂಲಿಯಿಂದ ಒಲೆ ಹೊತ್ತಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಅನ್ಯಾಯದ ಸ್ಥಳದಲ್ಲಿ ಉಳಿದದ್ದನ್ನು ಕಂಡು ನಾವು ತೀರ್ಪುಮಾಡಕೂಡದು. ಆದರೂ ಬಿಡಲಾರದವನಿಗೂ ಒಂದು ಉಳಿದಿದೆ: ಕೆಟ್ಟದ್ದನ್ನು ಒಳ್ಳೇದೆಂದು ಹೇಳದೆ ಇರುವದು.

ನಿಲ್ಲುವದರಲ್ಲಿಯೂ ಅಪಾಯವುಂಟು. ಬಹುಕಾಲ ಕಾವಲು ಮಾಡಿದವನು ತೋಟವು ತನ್ನದೇ ಎಂದು ನೆನಸುತ್ತಾನೆ. ಬೀಲ್ ಅಮ್ಮನವರು ಸಡಿಲವಾದ ಕೈಯವರಲ್ಲ. ಅಪ್ಪಣೆಯಿಲ್ಲದೆ ಹುಡುಗಿಯರು ಪಾಠಶಾಲೆಯಲ್ಲಿ ಮಾತಾಡಕೂಡದೆಂಬ ನಿಯಮವಿತ್ತು. ಆದರೂ ತನ್ನ ಹೊರತು ಕೆಲಸವು ನಡೆಯದೆಂದು ಅವರು ಎಣಿಸಲಿಲ್ಲ. 1885ರಲ್ಲಿ ಉಪಾಧ್ಯಾಯಿನಿಯರ ತರಬೇತಿಗಾಗಿ ಚೆಲ್ಟನ್‌ಹ್ಯಾಮಿನಲ್ಲಿಯೂ, 1893ರಲ್ಲಿ ಸ್ತ್ರೀಯರ ಉನ್ನತ ವಿದ್ಯೆಗಾಗಿ ಆಕ್ಸ್‌ಫರ್ಡಿನಲ್ಲಿಯೂ, ಸೇಂಟ್ ಹಿಲ್ಡಾ ಎಂಬ ಒಂದೇ ಹೆಸರಿನ ಎರಡು ಮನೆಗಳನ್ನು ಸ್ಥಾಪಿಸಿದರು. ಮುಪ್ಪಿನಲ್ಲಿ ಕಿವಿ ಮಂದವಾಯಿತು, ರೋಗವು ಹತ್ತಿತು. ಅಷ್ಟರಲ್ಲಿ ಅವರ ಕೆಲಸವನ್ನು ಮಾಡಬಲ್ಲ ಕೈಗಳು ಅನೇಕವಾಗಿದ್ದವು. ಅವರು ಹೋದ ಮೇಲೆಯೂ ಕಾಲೇಜು ಬೀಳಲಿಲ್ಲ, ಇಂದಿಗೂ ನಡೆಯುತ್ತಿದೆ. ಚೆನ್ನಾಗಿ ನಿಂತವರ ಗುರುತು ಇದೇ: ಅವರು ಹೋಗುವ ದಿನಕ್ಕಾಗಿ ಕೆಲಸವನ್ನು ಸಿದ್ಧಮಾಡಿರುತ್ತಾರೆ.

ಆದಕಾರಣ, ಪ್ರಿಯರೇ, ವರುಷಗಳನ್ನು ಎಣಿಸಿ ಒಬ್ಬನನ್ನು ಹೊಗಳುವದಾಗಲಿ ಹಳಿಯುವದಾಗಲಿ ಬೇಡ. ಬಿಡಬೇಕೆಂದು ಮನಸ್ಸಾದಾಗ, ನೋವು ನಮ್ಮದೋ, ನಮ್ಮ ವಶಕ್ಕೆ ಕೊಡಲ್ಪಟ್ಟವರದೋ ಎಂದು ಕೇಳಿಕೊಳ್ಳೋಣ. ನಿಲ್ಲಬೇಕೆಂದು ಮನಸ್ಸಾದಾಗ, ನಿಲ್ಲುವದು ಅವರಿಗಾಗಿಯೋ, ನಮ್ಮ ಸ್ಥಾನಕ್ಕಾಗಿಯೋ ಎಂದು ಕೇಳಿಕೊಳ್ಳೋಣ. ಈ ಎರಡು ಪ್ರಶ್ನೆಗಳಿಗೆ ನಿಜವಾದ ಉತ್ತರವನ್ನು ಕೊಡುವವನು ಹೋದರೂ ನಂಬಿಗಸ್ತನೇ, ನಿಂತರೂ ನಂಬಿಗಸ್ತನೇ.